ಎರಡು ತಾರೀಖುಗಳ ನಡುವೆ ಒಬ್ಬ ಜೊತೆಗಾರ

ಅಂಕೋಲಾ ಕಡೆಯ ಇಪ್ಪತ್ತೆರಡು ವರ್ಷದ ಹುಡುಗನೊಬ್ಬನನ್ನು ಕಣ್ಮುಂದೆ ತಂದುಕೊಳ್ಳಿ. ಬೋಟಿನಲ್ಲಿ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟು ದಕ್ಕೆಯಲ್ಲಿ ಕಟ್ಟಿದೆ. ಮಳೆ ಬಿಡುತ್ತಿಲ್ಲ. ಮೇ ಕೊನೆಯಲ್ಲಿ ಅವನ ಮೇಲೆ ಗಾಂಜಾ ಸೇದಿದ ಕೇಸು ಬಿದ್ದಿದೆ. ಮೊಬೈಲ್ ಕವರಿನ ಹಿಂದೆ ಎರಡು ಚೀಟಿ ಮಡಚಿಟ್ಟುಕೊಂಡಿದ್ದಾನೆ. ಒಂದರಲ್ಲಿ ವಕೀಲರು ಬರೆದುಕೊಟ್ಟ ಕೋರ್ಟಿನ ಮುಂದಿನ ತಾರೀಖು, ಇನ್ನೊಂದರಲ್ಲಿ ಆಸ್ಪತ್ರೆಯ ಮನೋವೈದ್ಯರನ್ನು ಮತ್ತೆ ಕಾಣಬೇಕಾದ ದಿನ.

ಕೋರ್ಟಿನಲ್ಲಿ ಅವನ ಹೆಸರು ಕೂಗಿ, ಮುಂದಿನ ದಿನ ಹೇಳಿ ಮುಗಿಸಲು ಐದು ನಿಮಿಷ ಸಾಕು. ವೈದ್ಯರ ಎದುರಿನ ಮಾತು ಹತ್ತು ನಿಮಿಷ. ತಿಂಗಳ ಉಳಿದ ಹೊತ್ತೆಲ್ಲ ಖಾಲಿ. ಮನೆಯಲ್ಲಿ ಅಮ್ಮ ಅಳುತ್ತಾಳೆ, ಅಪ್ಪ ಮಾತು ಬಿಟ್ಟಿದ್ದಾನೆ. ಹೊರಗೆ ಹೋದರೆ ಸಿಗುವ ದೋಸ್ತಿಗಳು ಕೇಸು ಬೀಳುವ ದಿನ ಜೊತೆಗಿದ್ದವರೇ. ಈ ಖಾಲಿ ದಿನಗಳಲ್ಲಿ ಅವನ ಪಕ್ಕ ಯಾರಿರಬೇಕು ಎಂಬುದಕ್ಕೆ ಜಗತ್ತಿನ ಹಲವು ಕಡೆ ಕಂಡುಕೊಂಡ ಒಂದು ಉತ್ತರವೇ ಪೀರ್ ಕೋಚಿಂಗ್. ಆ ಕೆಲಸ ಮಾಡುವವನನ್ನು ನಾನು ಇಲ್ಲಿ ಜೊತೆಗಾರ ಎಂದೇ ಕರೆಯುತ್ತೇನೆ.

ಜೊತೆಗಾರ ಎಂದರೆ ಅದೇ ದಾರಿಯಲ್ಲಿ ಹೋಗಿ ಬಂದವನು. ಕುಡಿತವೋ ಗಾಂಜಾವೋ ಮಾತ್ರೆಯೋ, ಯಾವುದರಲ್ಲೋ ಸಿಕ್ಕಿಬಿದ್ದು ಹೊರಬಂದವನು. ಠಾಣೆಯ ಬೆಂಚಿನಲ್ಲಿ ಕೂತು ಗೊತ್ತಿದ್ದವನು, ಕೋರ್ಟಿನ ಜಗಲಿಯಲ್ಲಿ ಕಾದವನು. ಬಿಟ್ಟು ಸಾಕಷ್ಟು ಕಾಲವಾಗಿ, ತರಬೇತಿ ಪಡೆದು, ಮೇಲೊಬ್ಬರ ಉಸ್ತುವಾರಿಯಲ್ಲಿ ಇನ್ನೊಬ್ಬನ ಜೊತೆ ನಡೆಯುತ್ತಾನೆ. ವಯಸ್ಸಿನಲ್ಲಿ ಅಣ್ಣನಷ್ಟು ದೊಡ್ಡವನಿದ್ದರೆ ಒಳ್ಳೆಯದು, ಅಪ್ಪನಷ್ಟು ದೊಡ್ಡವನಾದರೆ ಕಷ್ಟ. ಅವನು ರೋಗ ಗುರುತಿಸುವುದಿಲ್ಲ, ಔಷಧ ಹೇಳುವುದಿಲ್ಲ, ಕೇಸಿನ ಬಗ್ಗೆ ಸಲಹೆ ಕೊಡುವುದಿಲ್ಲ. ಪೊಲೀಸರಿಗೆ ಸುದ್ದಿ ಮುಟ್ಟಿಸುವವನಂತೂ ಅಲ್ಲ.

ಹಾಗಿದ್ದರೆ ಅವನು ಮಾಡುವುದೇನು? ಅದು ತಿಳಿಯಬೇಕಾದರೆ ಮೊದಲು ಹುಡುಗನ ಎರಡು ಚೀಟಿಗಳು ಒಂದಕ್ಕೊಂದು ಹೇಗೆ ತೊಡಕಿಕೊಂಡಿವೆ ಎಂದು ನೋಡಬೇಕು. ನಮ್ಮಲ್ಲಿ ಬಹಳಷ್ಟು ಮನೆಗಳು ಎಡವುವುದು ಇಲ್ಲೇ.

ಕಾನೂನಿನ ಒಳಗೇ ಇರುವ ಬಾಗಿಲು

ಮಾದಕ ವಸ್ತುಗಳ ಕೇಸುಗಳು ನಡೆಯುವುದು ಎನ್‌ಡಿಪಿಎಸ್ ಎಂದು ಎಲ್ಲರೂ ಕರೆಯುವ 1985ರ ಕಾಯ್ದೆಯಡಿ. ಸೇದಿದ್ದಕ್ಕೆ, ತೆಗೆದುಕೊಂಡಿದ್ದಕ್ಕೆ ಅದರಲ್ಲಿ ಕಲಂ 27 ಇದೆ. ಹೆರಾಯಿನ್, ಕೊಕೇನ್‌ನಂಥವಾದರೆ 1 ವರ್ಷದವರೆಗೆ ಶಿಕ್ಷೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಗಾಂಜಾ ಸೇರಿದಂತೆ ಉಳಿದವುಗಳಿಗೆ 6 ತಿಂಗಳವರೆಗೆ ಶಿಕ್ಷೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವಸ್ತು ಕೈಯಲ್ಲಿ ಸಿಕ್ಕಿದರೆ ಲೆಕ್ಕ ಬೇರೆ, ಆಗ ತೂಕದ ಮೇಲೆ ಹೋಗುತ್ತದೆ. ಗಾಂಜಾ 1 ಕಿಲೋವರೆಗೆ ಸಣ್ಣ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಎಂಡಿಎಂಎ ಎಂಬ ಪುಡಿಗೆ ಸಣ್ಣ ಪ್ರಮಾಣವೆಂದರೆ ಬರೀ ಅರ್ಧ ಗ್ರಾಂ, 10 ಗ್ರಾಂ ದಾಟಿದರೆ ವಾಣಿಜ್ಯ. ಚಿಟಿಕೆಯಷ್ಟು ಪುಡಿ ಹೆಚ್ಚಾದರೂ ಹುಡುಗನ ಕೇಸು ಇನ್ನೊಂದು ಮೆಟ್ಟಿಲಿಗೆ ಹತ್ತಿಬಿಡುತ್ತದೆ. ವಾಣಿಜ್ಯ ಪ್ರಮಾಣಕ್ಕೆ ಶಿಕ್ಷೆ 10 ವರ್ಷದಿಂದ ಶುರು, ಜಾಮೀನು ಸಿಗುವುದೂ ಬಲು ಕಷ್ಟ.

ನಾಲ್ವರು ದುಡ್ಡು ಸೇರಿಸಿ ಒಬ್ಬನನ್ನು ತರಲು ಕಳಿಸುತ್ತಾರೆ. ತರುವವನು ಸಾಮಾನ್ಯವಾಗಿ ಅವರಲ್ಲಿ ಸಣ್ಣವನು, ಇಲ್ಲವೇ ಬೈಕ್ ಇದ್ದವನು. ದಾರಿಯಲ್ಲಿ ಸಿಕ್ಕಿಬಿದ್ದರೆ ಸೇದಿದ ಕೇಸಲ್ಲ, ಇಟ್ಟುಕೊಂಡ ಮತ್ತು ಸಾಗಿಸಿದ ಕೇಸು ಇವನ ಮೇಲೆ ಬೀಳುತ್ತದೆ. ಮಾಜಾಳಿ ಗಡಿಯಾಚೆಯಿಂದ ಗೋವಾ ಬಾಟಲಿ ತರುವ ಹುಡುಗರದ್ದೂ ಇದೇ ಪಾಡು, ಅಲ್ಲಿ ಕಾನೂನು ಮಾತ್ರ ಅಬಕಾರಿಯದು. ಹದಿನೆಂಟು ತುಂಬದ ಮಕ್ಕಳ ಕೈಲಿ ಮಾಲು ಸಾಗಿಸುವವರಿಗೆ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ. ಆದರೆ ಮಕ್ಕಳೇ ಬಾಯಿ ಬಿಡದಿದ್ದರೆ ಕಳಿಸಿದವನ ಹೆಸರು ಹೊರಗೆ ಬರುವುದು ಹೇಗೆ?

ಇಷ್ಟು ಬಿಗಿಯಾದ ಕಾಯ್ದೆಯಲ್ಲೂ ಚಟಕ್ಕೆ ಬಿದ್ದವನಿಗೆಂದು ಎರಡು ಬಾಗಿಲುಗಳನ್ನು ಇಟ್ಟಿದ್ದಾರೆ. ಕಲಂ 64ಎ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆ, ಸಂಸ್ಥೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ ಆ ಆರೋಪದ ಮೇಲೆ ಅವನ ವಿರುದ್ಧ ಮೊಕದ್ದಮೆ ನಡೆಸುವಂತಿಲ್ಲ. ಇನ್ನೊಂದು ಕಲಂ 39. ಅಂಥವನು ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ, ವಯಸ್ಸು, ನಡತೆ, ಆರೋಗ್ಯ ನೋಡಿ, ಅವನ ಒಪ್ಪಿಗೆ ಪಡೆದು, ಜೈಲಿಗೆ ಕಳಿಸುವ ಬದಲು ಚಿಕಿತ್ಸೆಗೆ ಬಿಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. 1 ವರ್ಷದೊಳಗೆ ಚಿಕಿತ್ಸೆಯ ವರದಿ ಒಪ್ಪಿಸಬೇಕು. ಸರಿಯೆನಿಸಿದರೆ 3 ವರ್ಷದವರೆಗಿನ ಮುಚ್ಚಳಿಕೆ ಬರೆಸಿಕೊಂಡು, ಬುದ್ಧಿ ಹೇಳಿ ಬಿಟ್ಟುಬಿಡಬಹುದು.

ಈ ಬಾಗಿಲುಗಳ ಚಿಲಕ ಎಲ್ಲಿದೆ ಎಂದು ಗಮನಿಸಿ. 64ಎ ರಕ್ಷಣೆ ಸಿಗುವುದು ಚಿಕಿತ್ಸೆ ಪಡೆದವನಿಗೆ, ಪೂರ್ತಿ ಪಡೆಯದೆ ನಡುವೆ ಬಿಟ್ಟರೆ ಅದನ್ನು ಹಿಂದಕ್ಕೆ ಪಡೆಯಬಹುದು. 39ರ ಬಿಡುಗಡೆ ನಿಂತಿರುವುದೂ ವರದಿಯ ಮೇಲೆಯೇ. ಅಂದರೆ ಹುಡುಗನ ಕೇಸಿನ ಗತಿ ಕೋರ್ಟಿನ ಐದು ನಿಮಿಷಕ್ಕಿಂತ ಆ ಖಾಲಿ ದಿನಗಳಲ್ಲಿ ಹೆಚ್ಚು ನಿರ್ಧಾರವಾಗುತ್ತದೆ. ಆಸ್ಪತ್ರೆಗೆ ಹೋದನೋ ಬಿಟ್ಟನೋ, ಮಾತ್ರೆ ನುಂಗಿದನೋ, ಚೀಟಿ ಕಳೆದುಕೊಂಡನೋ ಎಂಬುದರಲ್ಲಿ. ವಕೀಲರು ಇದಕ್ಕಾಗಿ ಮನೆಗೆ ಬರುವುದಿಲ್ಲ, ವೈದ್ಯರೂ ಬರುವುದಿಲ್ಲ. ಬರಬಲ್ಲವನು ಜೊತೆಗಾರ.

ಇನ್ನೊಂದು ಸೂಕ್ಷ್ಮವಿದೆ. ಕಾಯ್ದೆ ವ್ಯಸನಿ ಎನ್ನುವುದು ಆ ವಸ್ತುವಿಗೆ ಅವಲಂಬಿತನಾದವನನ್ನು. ಗೋಕರ್ಣದ ಬೀಚಿನಲ್ಲಿ ಗೆಳೆಯರ ಜೊತೆ ಒಮ್ಮೆ ಸೇದಿ ಸಿಕ್ಕಿಬಿದ್ದವನು ಈ ಬಾಗಿಲು ತನಗೂ ತಾನಾಗಿಯೇ ತೆರೆಯುತ್ತದೆ ಎಂದುಕೊಳ್ಳಬಾರದು. ಅವನಿಗೆ ಬೇರೆ ದಾರಿ ಇರಬಹುದು. ಕಲಂ 27ರ ಕೇಸಿಗೆ 1958ರ ಪ್ರೊಬೇಷನ್ ಕಾಯ್ದೆ ಅನ್ವಯಿಸುತ್ತದೆ. 21 ತುಂಬದವನನ್ನು ಜೈಲಿಗೆ ಕಳಿಸುವ ಮುನ್ನ ನ್ಯಾಯಾಲಯ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು. ಯಾವ ದಾರಿ ಯಾರಿಗೆ ಎಂದು ಹೇಳಬೇಕಾದವರು ವಕೀಲರು. ಹಣವಿಲ್ಲದವರಿಗೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲೂಕುಗಳಲ್ಲಿ ಅದರ ಸಮಿತಿಗಳಿವೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರು ಸಿಗುವುದು ಹಕ್ಕು, ಯಾರೂ ಮಾಡುವ ಉಪಕಾರವಲ್ಲ.

ಬೆಳಗಿನ ಬಸ್ಸು

ಜೊತೆಗಾರನ ಕೆಲಸದಲ್ಲಿ ಅರ್ಧಕ್ಕರ್ಧ ಬಹಳ ಸಣ್ಣ ಸಣ್ಣ ಸಂಗತಿಗಳು. ಆದರೆ ಅವನ್ನು ಬಿಟ್ಟರೆ ಉಳಿದದ್ದೆಲ್ಲ ಕುಸಿಯುತ್ತದೆ. ಶಿರಸಿ ಕಡೆಯ ಹುಡುಗನಿಗೆ ಕಾರವಾರದಲ್ಲಿ ತಾರೀಖು ಬಿತ್ತೆನ್ನಿ. ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಹೋಗಬೇಕು. ಮಳೆಗಾಲದಲ್ಲಿ ಘಟ್ಟದಲ್ಲಿ ಮಣ್ಣು ಕುಸಿದರೆ ಸುತ್ತುದಾರಿ. ಹನ್ನೊಂದಕ್ಕೆ ಕೋರ್ಟಿನಲ್ಲಿರಬೇಕಾದರೆ ನಸುಕಿನಲ್ಲೇ ಬಸ್ಸು ಹತ್ತಬೇಕು. ರಾತ್ರಿ ಕುಡಿದು ಮಲಗಿದವನಿಗೆ ಅದು ಆಗುವ ಮಾತಲ್ಲ. ಒಂದು ತಾರೀಖು ತಪ್ಪಿದರೆ ವಾರಂಟ್ ಹೊರಡಬಹುದು. ವಾರಂಟ್ ಎಂದರೆ ಮತ್ತೆ ಪೊಲೀಸರು ಮನೆ ಬಾಗಿಲಿಗೆ, ಮತ್ತೆ ಜಾಮೀನಿನ ಓಡಾಟ, ಆ ಅವಮಾನದ ಬೆನ್ನಿಗೇ ಮತ್ತೆ ಕುಡಿತ. ಹಿಂದಿನ ದಿನ ಸಂಜೆ ಒಂದು ಫೋನು, ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯ ನಿಂತಿರುವುದು, ಇವೆರಡೇ ಆ ಸುತ್ತನ್ನು ಮುರಿಯಬಹುದು.

ಮಾತಿನ ರೀತಿಯೂ ಬೇರೆ. ಬುದ್ಧಿ ಹೇಳುವವರು ಹುಡುಗನಿಗೆ ಬೇಕಾದಷ್ಟಿದ್ದಾರೆ. ಮನಸ್ಸು ಎರಡಾಗಿರುವವನಿಗೆ ಬಿಡು ಬಿಡು ಎಂದಷ್ಟೂ ಅವನು ಬಿಡದಿರುವ ಕಾರಣಗಳನ್ನೇ ಹುಡುಕುತ್ತಾನೆ. 1983ರಲ್ಲಿ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಬರೆದು ಮುಂದಿಟ್ಟ ಸಂದರ್ಶನ ಕ್ರಮ ನಿಂತಿರುವುದು ಈ ಸತ್ಯದ ಮೇಲೆ. ಬದಲಾಗಬೇಕೆನ್ನುವ ಮಾತು ಅವನ ಬಾಯಿಂದಲೇ ಬರಬೇಕು, ಕೇಳುವವನು ಅದಕ್ಕೆ ದಾರಿ ಮಾಡಿಕೊಡಬೇಕು. ಜೊತೆಗಾರರಿಗೆ ಇದರ ಸರಳ ರೂಪವನ್ನು ಕಲಿಸುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಅದು ಹೀಗಿರಬಹುದು:

"ಯಾವ ಹೊತ್ತಿಗೆ ಜಾಸ್ತಿ ಬೇಕನಿಸ್ತದೆ ತಮ್ಮಾ?"

"ಸಂಜೆ ಅಣ್ಣಾ. ದಕ್ಕೆ ಕಡೆ ಹೋದ್ರೆ ಮುಗಿದೋಯ್ತು."

"ಬೇಡ ಅನಿಸಿದ ದಿನ ಒಂದೂ ಇಲ್ವಾ?"

"ಮೊನ್ನೆ ಒಂದಿನ. ಮಾವನ ಮನೆ ಗದ್ದೆ ನೆಟ್ಟಿಗೆ ಹೋಗಿದ್ದೆ."

"ಅಲ್ಲಿ ಎಂತ ಬೇರೆ ಇತ್ತು?"

ಗದ್ದೆಯ ನೆಟ್ಟಿಯಲ್ಲಿ ಬೇರೆ ಇದ್ದದ್ದೇನು ಎಂದು ಹುಡುಗ ಯೋಚಿಸತೊಡಗುತ್ತಾನೆ. ಮೈ ದಣಿದಿತ್ತು, ಸುತ್ತ ಹತ್ತು ಜನ ಹೆಂಗಸರು ಗಂಡಸರು ಇದ್ದರು, ಯಾರೂ ಕೇಸಿನ ಸುದ್ದಿ ತೆಗೆಯಲಿಲ್ಲ. ಆ ಒಂದು ದಿನದಿಂದ ಮುಂದಿನ ವಾರಕ್ಕೆ ಎರಡು ದಿನ ಕಟ್ಟಬಹುದೇ ಎಂದು ಇಬ್ಬರೂ ಕೂತು ನೋಡುತ್ತಾರೆ. ಇಡೀ ಜನ್ಮದ ಪ್ರತಿಜ್ಞೆಯ ಗೊಡವೆಗೆ ಹೋಗದೆ ಮುಂದಿನ ಮಂಗಳವಾರದವರೆಗೆ ಏನು ಎಂಬುದಷ್ಟೇ ಲೆಕ್ಕ. ಮಂಗಳವಾರ ಎಂದದ್ದು ಸುಮ್ಮನೆ ಅಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಆ ದಿನದ್ದು.

ಮುಂದೆ ಕೆಲಸದ ಪ್ರಶ್ನೆ ಬರುತ್ತದೆ. ಕಾರವಾರದ ಹುಡುಗರಿಗೆ ಇದು ದೊಡ್ಡದು. ಸೀಬರ್ಡ್ ನೌಕಾನೆಲೆಯಲ್ಲೋ ಕೈಗಾದಲ್ಲೋ ಗುತ್ತಿಗೆ ಕೆಲಸಕ್ಕೆ ಹೋಗಬೇಕೆಂದರೂ ಪೊಲೀಸ್ ವೆರಿಫಿಕೇಶನ್ ದಾಟಬೇಕು. ಹಡಗಿಗೋ ಗಲ್ಫಿಗೋ ಹೋಗುವವನಿಗೆ ಕೇಸು ಬಾಕಿ ಇರುವಾಗ ಕೋರ್ಟಿನ ಅನುಮತಿ ಇಲ್ಲದೆ ಪಾಸ್‌ಪೋರ್ಟ್ ಸಿಗುವುದು ಕಷ್ಟ. ನನ್ನ ಬದುಕೇ ಮುಗಿಯಿತು ಎಂದು ಹುಡುಗ ಕುಸಿಯುವುದು ಇಲ್ಲಿ. ಆಗ ಎದುರಿಗೆ ಕೂತವನು ತಾನೂ ಅದೇ ಫಾರ್ಮು ತುಂಬಿ, ಅದೇ ಕಾಲಂ ಎದುರು ಕೈ ನಡುಗಿದವನಾದರೆ ಅವನ ಮಾತಿಗೆ ಇರುವ ತೂಕವೇ ಬೇರೆ. ಈ ಕಸುಬಿನ ನಿಜವಾದ ಬಂಡವಾಳ ಇದೇ ಎಂದು ನನಗನಿಸುತ್ತದೆ. ಎಷ್ಟು ಓದಿದರೂ ಬಾರದ ತೂಕ ಅದು.

ಮಾಡಬಾರದ್ದು

ಹಳೆಯ ಕುಡುಕರು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಮೈನಡುಕ, ಜ್ವರ, ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಜೀವಕ್ಕೇ ಅಪಾಯ. ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಎರಡು ತಿಂಗಳು ದಡದಲ್ಲಿ ದಿನಾ ಕುಡಿದವನು ಆಗಸ್ಟ್‌ನಲ್ಲಿ ಬೋಟು ಹತ್ತಿ ದಿನಗಟ್ಟಲೆ ಸಮುದ್ರದಲ್ಲಿದ್ದರೆ, ಅಲ್ಲಿ ಬಾಟಲಿ ಇಲ್ಲ, ಆಸ್ಪತ್ರೆಯೂ ಇಲ್ಲ. ಇಂಥವನಿಗೆ ಜೊತೆಗಾರ ಹೇಳಬೇಕಾದ ಮಾತು ಒಂದೇ: ಬಿಡುವ ಮುಂಚೆ ಡಾಕ್ಟರನ್ನು ಕಾಣು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯುವುದು ಅವನ ಕೆಲಸ, ಮನೆಯಲ್ಲಿ ಕಟ್ಟಿಹಾಕಿ ಬಿಡಿಸುವ ಸಾಹಸ ಯಾರ ಕೆಲಸವೂ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಮಾದಕ ವಸ್ತುಗಳಿಂದಾದ ಮನೋಸ್ಥಿತಿಗಳನ್ನೂ ಕಾಯಿಲೆಯ ಲೆಕ್ಕಕ್ಕೆ ಸೇರಿಸಿದೆ, ಸರಪಳಿ ಹಾಕುವುದನ್ನು ನಿಷೇಧಿಸಿದೆ. ಸರಪಳಿ ಹಾಕುವ ಕೇಂದ್ರಕ್ಕೆ ಮಗನನ್ನು ಸೇರಿಸಬೇಡಿ ಎಂದು ತಂದೆತಾಯಿಗಳನ್ನು ಕೈಮುಗಿದು ಕೇಳುತ್ತೇನೆ.

ಜೈಲಿನಿಂದ ಬಂದವನ ಅಪಾಯ ಬೇರೆ. ಹೆರಾಯಿನ್ ಅಥವಾ ಅದರ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದವನಿಗೆ ಒಳಗೆ ಸಿಗದೆ ಕೆಲವು ವಾರ ಕಳೆದರೆ ಮೈಯ ತಾಳಿಕೆ ಇಳಿದಿರುತ್ತದೆ. ಹೊರಬಂದು ಹಳೆಯ ಅಳತೆಯನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಬಿಡುಗಡೆಯ ಮೊದಲ ಎರಡು ವಾರ ಜೊತೆಗಾರ ದಿನಾ ಕಾಣಬೇಕೆನ್ನುವುದು ಇದಕ್ಕಾಗಿ. ಸಾಯುವ ಮಾತು ಬಂದರೆ ಗುಟ್ಟಿನ ಪ್ರಶ್ನೆಯೇ ಇಲ್ಲ. ಕೂಡಲೇ ಮನೆಯವರಿಗೆ, ವೈದ್ಯರಿಗೆ ತಿಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಸಿಗುವ ನಂಬರು, ಕನ್ನಡದಲ್ಲೂ ಮಾತಾಡುತ್ತಾರೆ.

ಗುಟ್ಟಿನ ವಿಚಾರದಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಅಂಶವನ್ನು ಬಿಡಿಸಿ ಹೇಳಲೇಬೇಕು. ಕಕ್ಷಿದಾರ ವಕೀಲರಿಗೆ ಹೇಳಿದ್ದನ್ನು ಸಾಕ್ಷ್ಯ ಕಾನೂನು ಕಾಪಾಡುತ್ತದೆ. ಜೊತೆಗಾರನಿಗೆ ಹೇಳಿದ್ದಕ್ಕೆ ಆ ಕವಚವಿಲ್ಲ. ನಾಳೆ ಅವನನ್ನು ಸಾಕ್ಷಿ ಕಟ್ಟೆಗೆ ಕರೆದರೆ ಹೇಳಲೇಬೇಕಾದೀತು. ಅದಕ್ಕೇ ತಿಳಿದ ಜೊತೆಗಾರ ಮೊದಲ ದಿನವೇ ಹೇಳಿಬಿಡುತ್ತಾನೆ: "ಅವತ್ತು ಎಂತ ಆಯ್ತು, ಮಾಲು ಯಾರದು ಅನ್ನೋದೆಲ್ಲ ವಕೀಲರ ಹತ್ರ ಮಾತ್ರ. ನನ್ನ ಹತ್ರ ಬೇಡ. ಇವತ್ತು ಹೇಗಿದ್ದೀ ಅನ್ನೋದು ನನಗೆ ಸಾಕು." ಈ ಗೆರೆ ಎಳೆಯದ ಜೊತೆಗಾರ ಎಷ್ಟೇ ಒಳ್ಳೆಯವನಾದರೂ ಹುಡುಗನಿಗೆ ಹಾನಿ ಮಾಡಬಲ್ಲ.

ಸಾಲ ಕೊಡಬಾರದು. ಜಾಮೀನಿಗೆ ನಿಲ್ಲಬಾರದು. ನಮ್ಮ ಹಳ್ಳಿಗಳಲ್ಲಿ ಎರಡನೆಯದನ್ನು ಬೇಡವೆನ್ನುವುದು ಬಹಳ ಕಷ್ಟ, ಕಲ್ಲು ಮನಸ್ಸಿನವನು ಎಂದುಬಿಡುತ್ತಾರೆ. ಆದರೆ ಜಮೀನಿನ ಪಹಣಿ ಇಟ್ಟು ಜಾಮೀನು ನಿಂತವನಿಗೆ ಹುಡುಗ ಮತ್ತೆ ಜಾರಿದ್ದನ್ನು ಹೇಳಿಕೊಳ್ಳಲು ಹೆದರುತ್ತಾನೆ. ಇವನಿಗೂ ಹುಡುಗನಿಗಿಂತ ಪಹಣಿಯ ಚಿಂತೆ ಮುಂದಾಗುತ್ತದೆ. ಅಲ್ಲಿಗೆ ಜೊತೆ ಮುಗಿಯಿತು.

ಜೊತೆಗಾರನನ್ನು ನೋಡಿಕೊಳ್ಳುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಅವನೂ ಗಾಯ ಮಾಸಿದವನೇ. ದಿನವೂ ಅದೇ ಕಥೆ ಕೇಳಿ ಕೇಳಿ ಅವನ ಹಳೆಯ ಆಸೆ ಎದ್ದರೆ? ವಾರಕ್ಕೊಮ್ಮೆ ಕೂತು ಮಾತಾಡಲು ಒಬ್ಬ ಆಪ್ತಸಮಾಲೋಚಕರು ಅವನಿಗೂ ಬೇಕು. ಸಂಬಳ ಬೇಕು. ಸೇವೆ ಎಂದು ಹೊಗಳಿ ಪುಕ್ಕಟೆ ದುಡಿಸಿಕೊಂಡರೆ ಅವನು ಮೊದಲು ದಣಿಯುತ್ತಾನೆ, ಆಮೇಲೆ ಬೀಳುತ್ತಾನೆ.

ನಮ್ಮಲ್ಲಿ ಇರುವುದು, ಇಲ್ಲದಿರುವುದು

ಬಿಟ್ಟವನು ಬಿಡಬೇಕಾದವನ ಕೈ ಹಿಡಿಯುವುದು ಹೊಸದಲ್ಲ. 1935ರಲ್ಲಿ ಅಮೆರಿಕದ ಆಕ್ರಾನ್ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ 1957ರಲ್ಲಿ ಭಾರತಕ್ಕೆ ಬಂತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಈ ಮಾರ್ಗ ಬೇರೆ ಚಿಕಿತ್ಸಾ ಕ್ರಮಗಳಿಗೆ ಸಮನಾಗಿ ಅಥವಾ ಮೇಲಾಗಿ ನಿಲ್ಲುತ್ತದೆ ಎಂದಿತು. ಜೈಲಿನ ಬದಲು ಚಿಕಿತ್ಸೆ ಎನ್ನುವ ಡ್ರಗ್ ಕೋರ್ಟ್ 1989ರಲ್ಲಿ ಮಯಾಮಿಯಲ್ಲಿ ಶುರುವಾಯಿತು. ನಮ್ಮ ಕೇಂದ್ರ ಸರ್ಕಾರದ ವ್ಯಸನ ತಡೆ ಯೋಜನೆಯಲ್ಲೂ ಸಮುದಾಯದ ಯುವಕರೇ ಯುವಕರನ್ನು ತಲುಪುವ ಕೇಂದ್ರಗಳಿಗೆ ಜಾಗವಿದೆ.

ಉತ್ತರ ಕನ್ನಡಕ್ಕೆ ಇದರ ಬೇರು ತನ್ನದೇ ಇದೆ. ಅಂಕೋಲೆಯ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡರು, 2017ರಲ್ಲಿ ಪದ್ಮಶ್ರೀ ಪಡೆದ ನಮ್ಮ ಸುಕ್ರಜ್ಜಿ, ಸಾರಾಯಿ ವಿರುದ್ಧ ಹೆಂಗಸರನ್ನು ಒಟ್ಟುಗೂಡಿಸಿದ್ದು ಕೇರಿಯ ಒಳಗಿನಿಂದಲೇ, ಹೊರಗಿನಿಂದ ಬಂದ ಭಾಷಣದಿಂದಲ್ಲ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಬಿಟ್ಟವರು ಊರಿಗೆ ಮರಳಿ ಕೂಡುವ ನವಜೀವನ ಸಮಿತಿಗಳಿವೆ. ಬಿಟ್ಟವರೇ ಬಿಟ್ಟವರನ್ನು ಕಾಯುವ ಆ ಕೂಟ ಜೊತೆಗಾರಿಕೆಗೆ ಬಹಳ ಹತ್ತಿರ. ಆದರೆ ನಲವತ್ತು ದಾಟಿದ ಕೂಲಿಯಾಳುಗಳ ನಡುವೆ ಇಪ್ಪತ್ತರ ಹುಡುಗ ಗಾಂಜಾದ, ಪುಡಿಯ, ಕೋರ್ಟಿನ ಮಾತನ್ನು ಎತ್ತುವುದು ಹೇಗೆ? ಹುಡುಗಿಯರ ಪಾಡು ಇನ್ನೂ ಕಠಿಣ. ಕುಡಿಯುವ ಹುಡುಗಿ ಇದ್ದಾಳೆಂದು ಒಪ್ಪಿಕೊಳ್ಳಲೇ ನಮ್ಮ ಊರುಗಳು ತಯಾರಿಲ್ಲ, ಅವಳಿಗೊಬ್ಬ ಜೊತೆಗಾತಿ ಎಲ್ಲಿಂದ ಬರಬೇಕು?

ಸಣ್ಣ ಊರಿನ ನಾಚಿಕೆಗೂ ಉಪಾಯವಿದೆ. ಅಂಕೋಲೆಯ ಹುಡುಗನಿಗೆ ಹೊನ್ನಾವರದ ಜೊತೆಗಾರ, ಶಿರಸಿಯವನಿಗೆ ಯಲ್ಲಾಪುರದವನು. ಒಂದು ತಾಲೂಕು ಆಚೆಗಿದ್ದರೆ ಮದುವೆ ಮನೆಯಲ್ಲಿ ಎದುರಾಗುವ ಭಯವಿಲ್ಲ. ದೂರ ಬೇರೆಯಾದರೂ ಭಾಷೆ ಒಂದೇ ಇರಲಿ. ಕೊಂಕಣಿಯವನಿಗೆ ಕೊಂಕಣಿ, ಭಟ್ಕಳದವನಿಗೆ ನವಾಯತಿ, ಹವ್ಯಕರ ಹುಡುಗನಿಗೆ ಹವಿಗನ್ನಡ. ಅಳು ಬರುವುದು ಮನೆ ಭಾಷೆಯಲ್ಲೇ.

ಇಷ್ಟೆಲ್ಲ ಇದ್ದೂ ಹುಡುಗ ಮತ್ತೆ ಜಾರುತ್ತಾನೆ. ಒಮ್ಮೆಯಲ್ಲ, ಎರಡು ಮೂರು ಸಲ ಜಾರುವವರೇ ಹೆಚ್ಚು. ಮನೆಯವರಿಗೆ ಅಲ್ಲಿಗೆ ಎಲ್ಲ ಮುಗಿದಂತೆ ಕಾಣುತ್ತದೆ, ಹುಡುಗನಿಗೂ ಹಾಗೇ ಕಂಡು ಮುಂದಿನ ತಾರೀಖಿಗೂ ಹೋಗದೆ ಅಡಗುತ್ತಾನೆ. ಜಾರಿದ್ದಕ್ಕಿಂತ ಈ ಅಡಗುವಿಕೆಯೇ ಅವನ ಚಿಕಿತ್ಸೆಯನ್ನು ಕಡಿದುಹಾಕುತ್ತದೆ, ಚಿಕಿತ್ಸೆ ಕಡಿದರೆ ಕಾನೂನಿನ ರಕ್ಷಣೆಯೂ ಅಲುಗುತ್ತದೆ. ರಾತ್ರಿ ಹನ್ನೊಂದೂವರೆಗೆ ಜೊತೆಗಾರನ ಫೋನು ರಿಂಗಾಗುವುದು ಇಂಥ ಹೊತ್ತಿನಲ್ಲೇ.

"ಅಣ್ಣಾ, ಬಿದ್ದೆ."

"ಅಡ್ಡಿಲ್ಲ. ಈಗ ಎಲ್ಲಿದ್ದೆ? ಒಬ್ಬನೇ ಇದ್ದ್ಯಾ?"

"ದಕ್ಕೆ ಹತ್ರ. ಒಬ್ಬನೇ."

"ನೀರಿನ ಬದಿಯಿಂದ ಎದ್ದು ರಸ್ತೆಗೆ ಬಾ. ಲೈಟು ಇದ್ದಲ್ಲಿ ನಿಲ್ಲು. ಫೋನು ಇಡಬೇಡ, ನಾ ಬತ್ತೆ. ನಾಡಿದ್ದು ಡಾಕ್ಟರ ತಾರೀಖು ಉಂಟಲ, ಇಬ್ಬರೂ ಹೋಗ್ವಾ."